ಮೇ ತಿಂಗಳ ಮೂರು ಚುಕ್ಕೆಗಳು

ಮಣ್ಣಿನಲ್ಲಿ ಹೂತ ಕಬ್ಬಿಣದ ಸರಳಿನ ತಲೆಗೆ ಅವರು ಸ್ಪ್ಯಾನರಿನಿಂದ ಎರಡು ಸಲ ತಟ್ಟುತ್ತಿದ್ದರು. ಆಮೇಲೆ ಟೋಪಿ ತೆಗೆದು ಬಗ್ಗಿ, ಕಿವಿಯನ್ನು ಅದರ ಹತ್ತಿರ ತಂದು ಮೂರನೆಯ ಸಲ ತಟ್ಟುತ್ತಿದ್ದರು. ತಲೆ ಎತ್ತಿದಾಗ ಅವರ ಬಾಯಿಂದ ಬರುತ್ತಿದ್ದದ್ದು ಎರಡರಲ್ಲಿ ಒಂದು ಮಾತು: ‘ಹಿಡದದ’ ಅಥವಾ ‘ಬಿಟ್ಟದ’. ನಾವು ಜಾಕು ಹಚ್ಚಿ ಎಳೆದು, ಗೇಜಿನಲ್ಲಿ ಅಳೆದು, ಲೆಕ್ಕ ಮಾಡಿ, ಅದೇ ಮಾತನ್ನು ಇಂಗ್ಲಿಷಿನಲ್ಲಿ ಎರಡು ಪುಟ ಬರೆಯುತ್ತಿದ್ದೆವು.

ಬೀದರಿನಲ್ಲಿ ನಾನು ಪಾಠ ಹೇಳುವ ಎಂಜಿನಿಯರಿಂಗ್ ಕಾಲೇಜಿನ ಮಣ್ಣಿನ ಪ್ರಯೋಗಾಲಯದಲ್ಲಿ ಅವರು ಅಟೆಂಡರ್ ಆಗಿದ್ದರು. ಪ್ರಾಂಶುಪಾಲರಿಂದ ಹಿಡಿದು ಹುಡುಗರವರೆಗೆ ಎಲ್ಲರಿಗೂ ಅವರು ಕಾಕಾ. ನನ್ನನ್ನು ಉಳಿದವರೆಲ್ಲ ಮೇಡಂ ಅಂದರೆ ಅವರೊಬ್ಬರು ಮಾತ್ರ ಪ್ರಾಥಮಿಕ ಶಾಲೆಯ ಟೀಚರನ್ನು ಕರೆಯುವ ಹಾಗೆ ಅಕ್ಕೋರ ಅನ್ನುತ್ತಿದ್ದರು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಎಂ.ಟೆಕ್ ಮುಗಿಸಿ ಬಂದವಳನ್ನು ಇವರು ಅ ಆ ಇ ಈ ಕಲಿಸುವವಳ ಸಾಲಿಗೆ ಸೇರಿಸಿಬಿಟ್ಟರಲ್ಲ ಎಂದು. ಆಮೇಲೆ ಅಭ್ಯಾಸವಾಯಿತು. ಕೊನೆಕೊನೆಗೆ, ಹಾಗೆ ಕರೆಸಿಕೊಳ್ಳುವ ಯೋಗ್ಯತೆ ನನಗಿಲ್ಲ ಎಂದು ಅನ್ನಿಸುವ ಕಾಲವೂ ಬಂತು. ಹೋದ ತಿಂಗಳು ಕಾಕಾ ತೀರಿಕೊಂಡರು. ಅವರ ಬಗ್ಗೆ ಒಳ್ಳೆಯ ಮಾತು ಬರೆಯುವುದು ಸುಲಭ. ಆದರೆ ನಾನು ಅವರಿಗೆ ಮಾಡಿದ ಅನ್ಯಾಯವನ್ನು ಬರೆಯದೆ ಬರೀ ಒಳ್ಳೆಯ ಮಾತು ಬರೆದರೆ ಅದು ಇನ್ನೊಂದು ಅನ್ಯಾಯ.

ಅವರದು ಔರಾದ ತಾಲೂಕಿನ ಚಿಂತಾಕಿ. ಕುರಿ ಸಾಕುವ ಮನೆತನ. ಕುರಿಗಳನ್ನು ತಮ್ಮ ನೋಡಿಕೊಂಡಿದ್ದ, ಇವರು ಹತ್ತನೆಯ ಇಯತ್ತೆಯವರೆಗೆ ಓದಿ ಕಾಲೇಜಿನ ನೌಕರಿಗೆ ಸೇರಿದ್ದರು. ವಾರವೆಲ್ಲ ಬೀದರಿನ ಚಿದ್ರಿ ಬಡಾವಣೆಯಲ್ಲಿ ಒಂದು ಬಾಡಿಗೆ ಕೋಣೆ, ಶನಿವಾರ ಮಧ್ಯಾಹ್ನ ಔರಾದಿನ ಬಸ್ಸು. ನನ್ನ ಮನೆಯೂ ಚಿದ್ರಿಯಲ್ಲೇ ಇದ್ದುದರಿಂದ ಬೆಳಿಗ್ಗೆ ಅವರು ಸೈಕಲ್ ತಳ್ಳಿಕೊಂಡು ಏರು ಹತ್ತುವುದನ್ನು ದಿನಾ ನೋಡುತ್ತಿದ್ದೆ. ಸೈಕಲ್ಲಿನ ಮೇಲೆ ಕೂತು ಏರು ಹತ್ತಿದ್ದನ್ನು ಒಂದು ದಿನವೂ ನೋಡಲಿಲ್ಲ. ಕೇಳಿದರೆ, ‘ಅದರದೂ ವಯಸ್ಸಾಗ್ಯದರಿ, ಜರಾ ಆರಾಮ ಬೇಕು’ ಅನ್ನುವರು.

ಪ್ರಯೋಗಾಲಯದಲ್ಲಿ ಅವರು ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಉಸುಕಿನ ಚೀಲವೇ ಅವರ ಸಿಂಹಾಸನ. ಅಲ್ಲಿಂದ ಹುಡುಗರನ್ನು ದಖನಿ ಉರ್ದುವಿನಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಮಾಡುತ್ತಿದ್ದರು. ತಕ್ಕಡಿಯ ಮುಂದೆ ಫ್ಯಾನು ಹಚ್ಚಿದವರಿಗೆ ಆ ದಿನ ಉಳಿಗಾಲವಿರಲಿಲ್ಲ. ಬಂದ ಉತ್ತರ ಪುಸ್ತಕದ ಉತ್ತರಕ್ಕೆ ಹೊಂದಲಿಲ್ಲವೆಂದು ಹುಡುಗನೊಬ್ಬ ಅಂಕಿ ತಿದ್ದುತ್ತಿದ್ದರೆ ಹಿಂದಿನಿಂದ ಬಂದು ಅವನ ಪೆನ್ನಿನ ಮೇಲೆ ಮೆಲ್ಲಗೆ ಕೈ ಇಡುತ್ತಿದ್ದರು.

‘ಮಣ್ಣು ಹೇಳಿದ್ದು ಬರಿ, ಬೇಟಾ. ನಿನ್ನ ಮನಸಿನಾಗಿಂದು ಯಾರೂ ಕೇಳಿಲ್ಲ.’

ಈ ಮಾತನ್ನು ನಾನು ಎಷ್ಟೋ ಸಲ ಬಾಗಿಲಲ್ಲಿ ನಿಂತು ಕೇಳಿದ್ದೇನೆ. ಹುಡುಗರಿಗೆ ಹೇಳುವ ಮಾತು ಎಂದುಕೊಂಡಿದ್ದೆ.

ನಾನಾಗ ಪಿಎಚ್.ಡಿ. ಮಾಡುತ್ತಿದ್ದೆ. ಎತ್ತರದ ಗೋಡೆಯೊಂದು ಹಿಂದಿನ ಮಣ್ಣಿನ ಒತ್ತಡಕ್ಕೆ ಮುಂದೆ ಬೀಳಬಾರದೆಂದು ಅದರ ಬೆನ್ನಿಗೆ ಉದ್ದದ ಸರಳು ಕಟ್ಟುತ್ತಾರೆ. ಸರಳನ್ನು ಮಣ್ಣೊಳಗೆ ಕೊರೆದ ತೂತಿನಲ್ಲಿ ಇಳಿಸಿ, ಸುತ್ತ ನೀರಾದ ಸಿಮೆಂಟು ತುಂಬಿ ಗಟ್ಟಿಯಾಗಲು ಬಿಡುತ್ತಾರೆ. ನಾವು ಅದನ್ನು ಆಂಕರ್ ಅನ್ನುತ್ತೇವೆ. ಕಾಕಾ ಗೂಟ ಅನ್ನುತ್ತಿದ್ದರು. ನಮ್ಮ ಕಡೆಯ ಕಪ್ಪು ಎರೆಮಣ್ಣು ಇಂಥ ಗೂಟವನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವುದು ನನ್ನ ಕೆಲಸ. ಲೆಕ್ಕ ಸರಿಯೋ ತಪ್ಪೋ ನೋಡಲು ಭಾಲ್ಕಿಯಲ್ಲಿ ನನ್ನ ಸೋದರಮಾವನ ಎರೆ ಹೊಲದ ಒಂದು ಮೂಲೆಯಲ್ಲಿ ಗಿಡ್ಡ ಸರಳುಗಳನ್ನು ಸಾಲಾಗಿ ಹೂತಿದ್ದೆವು. ತಿಂಗಳಿಗೆ ಮೂರರಂತೆ ವರ್ಷವಿಡೀ ಎಳೆದು ನೋಡಬೇಕು. ಎಳೆಯುವವರು ಕಾಕಾ, ಬರೆದುಕೊಳ್ಳುವವರೂ ಬಹಳ ಸಲ ಕಾಕಾ, ಡಾಕ್ಟರ್ ಆಗುವವಳು ನಾನು.

ಒಮ್ಮೆ ನನ್ನ ಕಂಪ್ಯೂಟರಿನ ಪರದೆಯನ್ನು ಅವರಿಗೆ ತೋರಿಸಿದೆ. ಮಣ್ಣನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿದ ಚಿತ್ರ. ನಡುವೆ ಸರಳು. ಎಳೆದಂತೆಲ್ಲ ಸರಳಿನ ಸುತ್ತ ನೀಲಿ ಹೋಗಿ ಹಸಿರು, ಹಸಿರು ಹೋಗಿ ಕೆಂಪು. ನಾನು ಬಹಳ ಹೆಮ್ಮೆಯಿಂದ ವಿವರಿಸಿದೆ. ಅವರು ಕನ್ನಡಕ ಏರಿಸಿಕೊಂಡು ತುಂಬ ಹೊತ್ತು ನೋಡಿದರು.

‘ಭಾಳ ಚಂದ ಅದರಿ. ಇದರಾಗ ಯಾವ ತಿಂಗಳ ನಡದದರಿ ಅಕ್ಕೋರ?’

ನಾನು ನಕ್ಕುಬಿಟ್ಟೆ. ‘ಕಾಕಾ, ಕಂಪ್ಯೂಟರಿಗೆ ಎಲ್ಲಿ ತಿಂಗಳ? ಮಣ್ಣಾಗ ನೀರೆಷ್ಟದ ಅಂತ ಹೇಳಿದ್ರ ಮುಗೀತು.’

ಅವರು ನಗಲಿಲ್ಲ. ತಮ್ಮ ಮನೆಯವರ ಪದ್ಧತಿಯೊಂದನ್ನು ಹೇಳಿದರು. ಸುಗ್ಗಿ ಮುಗಿದ ಮೇಲೆ ಗೊಬ್ಬರ ಬೀಳಲಿ ಎಂದು ರೈತರು ತಮ್ಮ ಹೊಲದಲ್ಲಿ ರಾತ್ರಿ ಕುರಿಹಿಂಡು ತರುಬಿ ನಿಲ್ಲಿಸಲು ಕರೆಯುತ್ತಾರೆ. ಹಿಂಡಿನ ಸುತ್ತ ಬಲೆ ಕಟ್ಟಬೇಕು, ಬಲೆಗೆ ಗೂಟ ಬೇಕು. ಕೆಂಪು ನೆಲದಲ್ಲಾದರೆ ಗೂಟ ಬಡಿದರಾಯಿತು. ಬೇಸಿಗೆಯಲ್ಲಿ ಎರೆ ಹೊಲವಾದರೆ ಹಾಗಲ್ಲ.

‘ಎರಿಯಾಗ ಬ್ಯಾಸಗಿಗಿ ನಮ್ಮ ಮಂದಿ ಗೂಟ ಬಡಿಯಂಗಿಲ್ರಿ. ಕುಣಿ ತೋಡಿ, ಚಪ್ಪಟಿ ಕಲ್ಲಿಗಿ ಹಗ್ಗ ಕಟ್ಟಿ, ಕಲ್ಲು ಅಡ್ಡ ಹುಗೀತಾರ. ಮ್ಯಾಲ ನೀರು ಹೊಯ್ದು ತುಳೀತಾರ.’

‘ಯಾಕ ಕಾಕಾ? ಬ್ಯಾಸಗ್ಯಾಗ ಎರಿ ಕಲ್ಲಿನಂಗ ಆಗಿರ್ತದಲ್ಲ? ಇನ್ನೂ ಗಟ್ಟಿ ಹಿಡೀಬೇಕು.’

‘ಗಟ್ಟಿ ಇರ್ತದ್ರಿ. ಆದ್ರ ಒಣಗಿದ ಎರಿ ತನ್ನನ್ನ ತಾ ಹಿಡ್ಕೊಂಡಿರ್ತದ. ಗೂಟ ಹಿಡಿಯಂಗಿಲ್ಲ.’

ಎಷ್ಟು ಚೆಂದದ ಮಾತು, ಪಾಠ ಮಾಡುವಾಗ ಎಲ್ಲಾದರೂ ಸೇರಿಸಬೇಕು ಎಂದುಕೊಂಡೆ. ಚೆಂದ ಅಷ್ಟೇ ಅಲ್ಲ, ನಿಜವೂ ಆಗಿರಬಹುದು ಎಂದು ಒಂದು ಗಳಿಗೆಯೂ ಹೊಳೆಯಲಿಲ್ಲ.

ಇಲ್ಲಿ ನನ್ನ ಕಸುಬಿನ ಗುಟ್ಟೊಂದನ್ನು ಹೇಳಬೇಕು. ಸಿಮೆಂಟು ಮುಗಿದು ಮಣ್ಣು ಶುರುವಾಗುವ ಗೆರೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಕಂಪ್ಯೂಟರಿಗೆ ನಾವೇ ಹೇಳಿಕೊಡಬೇಕು. ಮಣ್ಣು ಅಂಟಿಕೊಂಡಿರಬಹುದು, ಜಾರಬಹುದು, ಇಲ್ಲವೇ ಪೂರ್ತಿ ಬಿಟ್ಟು ನಡುವೆ ಸಂದು ಬೀಳಬಹುದು. ನಾನು ಮೊದಲ ಎರಡಕ್ಕೆ ಮಾತ್ರ ಅನುಮತಿ ಕೊಟ್ಟಿದ್ದೆ. ಮೂರನೆಯದಕ್ಕೂ ಕೊಟ್ಟರೆ ಲೆಕ್ಕ ಒಂದು ಉತ್ತರಕ್ಕೆ ಬರುತ್ತಿರಲಿಲ್ಲ. ದಿನವಿಡೀ ಓಡಿ, ಕೊನೆಗೆ ಕೆಂಪು ಅಕ್ಷರದಲ್ಲಿ ಎರಡು ಸಾಲು ಬೈದು ನಿಂತುಬಿಡುತ್ತಿತ್ತು. ನಾಲ್ಕು ಸಲ ಹಾಗಾದ ಮೇಲೆ ನಾನು ಆ ಬಾಗಿಲನ್ನೇ ಮುಚ್ಚಿದೆ. ನನ್ನ ಮಾದರಿಯಲ್ಲಿ ಮಣ್ಣಿಗೆ ಸರಳನ್ನು ಬಿಟ್ಟುಹೋಗುವ ಸ್ವಾತಂತ್ರ್ಯವೇ ಇರಲಿಲ್ಲ. ಹಾಗಾಗಿ ಒಣಗಿದಷ್ಟೂ ಮಣ್ಣು ಗಟ್ಟಿ, ಗಟ್ಟಿಯಾದಷ್ಟೂ ಹಿಡಿತ ಬಿಗಿ ಎಂದು ಚೆಂದದ ಏರುಗೆರೆಯೊಂದು ಬಂತು. ಹೊಲದ ಅಳತೆಗಳನ್ನು ಅದೇ ನಕ್ಷೆಯಲ್ಲಿ ಚುಕ್ಕೆ ಇಟ್ಟು ನೋಡಿದರೆ, ಏಪ್ರಿಲ್‌ವರೆಗಿನ ಚುಕ್ಕೆಗಳು ಗೆರೆಯ ಆಚೆಗೋ ಈಚೆಗೋ ಬಿದ್ದು ನನ್ನ ಮಾನ ಉಳಿಸಿದ್ದವು.

ಮೇ ತಿಂಗಳಲ್ಲಿ ಕಾಕಾ ಒಬ್ಬರೇ ಜಾಕು, ಗೇಜು, ನೀರಿನ ಡಬ್ಬಿ ಹೊತ್ತುಕೊಂಡು ಬೆಳಗಿನ ಬಸ್ಸಿಗೆ ಭಾಲ್ಕಿಗೆ ಹೋದರು. ನಾನು ಹೋಗಲಿಲ್ಲ. ಆ ಬಿಸಿಲಿಗೆ ಹೆದರಿ ಚಿದ್ರಿಯ ಮನೆಯಲ್ಲಿ ಕೂಲರಿನ ಮುಂದೆ ಕೂತಿದ್ದೆ. ಸಂಜೆ ಅವರು ಬಂದಾಗ ಅಂಗಿಯ ಮೇಲೆ ಉಪ್ಪಿನ ಬಿಳಿ ಕಲೆಗಳಿದ್ದವು. ಕೈಯಲ್ಲಿ ಕಿತ್ತು ತಂದ ಒಂದು ಸರಳು.

‘ಮೂರೂ ಬಿಟ್ಟಾವ್ರಿ ಅಕ್ಕೋರ. ಬೆಣ್ಣ್ಯಾಗಿನ ಕೂದಲಾ ತಗದಂಗ ಬಂದ್ವು.’

ಅಂಕಿ ನೋಡಿದೆ. ನನ್ನ ಗೆರೆ ಹೇಳಿದ್ದರಲ್ಲಿ ಅರ್ಧವೂ ಇರಲಿಲ್ಲ.

‘ಗೇಜ್ ಬರೋಬ್ಬರಿ ಕೂಡಿಸಿದ್ರೇನು ಕಾಕಾ?’

‘ಕೂಡಿಸಿನ್ರಿ.’

‘ಜಾಕಿನ ಎಣ್ಣಿ ಸೋರಿರಬೇಕು.’

‘ಇಲ್ರಿ. ಇದು ನೋಡ್ರಿ’ ಎಂದು ಸರಳನ್ನು ಮುಂದೆ ಹಿಡಿದರು. ‘ಮಣ್ಣು ಹತ್ತಿಲ್ಲ. ನಾ ವರಸಿಲ್ರಿ, ಹಂಗೇ ಬಂದದ. ಸುತ್ತಲೂ ಬೆರಳು ಹೋಗೋವಷ್ಟು ಸಂದು ಬಿದ್ದಿತ್ತು.’

ಸರಳಿನ ಸುತ್ತಲಿನ ಸಿಮೆಂಟು ತೊಳೆದಿಟ್ಟ ಹಾಗಿತ್ತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಆದರೆ ಪ್ರಬಂಧದ ಅಧ್ಯಾಯ ಬರೆದು ಮುಗಿದಿತ್ತು. ಆಯ್ತು ಇಡ್ರಿ, ನೋಡೋಣ ಎಂದೆ. ನೋಡಲಿಲ್ಲ. ನಕ್ಷೆಯಿಂದ ಆ ಮೂರು ಚುಕ್ಕೆಗಳನ್ನು ತೆಗೆದೆ.

ಶ್ರಾವಣದಲ್ಲಿ ಒಂದು ಶನಿವಾರ ಹೊರಗಿನಿಂದ ಇಬ್ಬರು ಹಿರಿಯರು ನನ್ನ ಕೆಲಸ ಪರೀಕ್ಷಿಸಲು ಬಂದಿದ್ದರು. ಕಿತ್ತ ಸರಳುಗಳನ್ನು ತೋರಿಸಬೇಕೆಂದು ಕಾಕಾನನ್ನೂ ಕರೆಸಿದ್ದೆ. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಯಾರೂ ಹೇಳದಿದ್ದರೂ ಮೇ ತಿಂಗಳ ಆ ಸರಳನ್ನೇ ಆರಿಸಿ ಎರಡೂ ಕೈಯಲ್ಲಿ ಹಿಡಿದು ಬಾಗಿಲ ಪಕ್ಕ ನಿಂತಿದ್ದರು. ಹಿರಿಯರಲ್ಲೊಬ್ಬರು ನಕ್ಷೆ ನೋಡಿ ಕೇಳಿದರು: ‘ಮೇ ತಿಂಗಳದು ಎಲ್ಲಿ?’

ಸರಳು ಆರು ಹೆಜ್ಜೆ ದೂರದಲ್ಲಿತ್ತು. ಅದನ್ನು ತೋರಿಸಿ, ‘ನೋಡಿ ಸರ್, ನನ್ನ ಲೆಕ್ಕ ಇಲ್ಲಿ ಸೋಲುತ್ತದೆ’ ಎಂದಿದ್ದರೆ ಇನ್ನೊಂದು ವರ್ಷ ಹೋಗುತ್ತಿತ್ತು, ಅಷ್ಟೇ. ನಾನು ಹೇಳಿದ್ದು ಬೇರೆ.

‘ಅವು ನಮ್ಮ ಅಟೆಂಡರ್ ತೆಗೆದ ಅಳತೆ, ಸರ್. ಗೇಜು ಸರಿಯಾಗಿ ಕೂರಿಸಿರಲಿಲ್ಲ. ಅದಕ್ಕೇ ಬಿಟ್ಟಿದ್ದೇನೆ.’

ಸರಿ ಸರಿ, ಹಾಗಾಗುತ್ತದೆ ಎಂದು ಅವರು ಪುಟ ತಿರುವಿದರು. ನಾನು ಬಾಗಿಲ ಕಡೆ ನೋಡಲಿಲ್ಲ. ಆದರೂ ಕಂಡಿತು. ಕಾಕಾ ಬಗ್ಗಿ ಸರಳನ್ನು ಸದ್ದಾಗದಂತೆ ನೆಲದ ಮೇಲೆ ಇಟ್ಟು ಹೊರಗೆ ಹೋದರು.

ನಾನು ಡಾಕ್ಟರ್ ಆದೆ. ನನ್ನ ಪ್ರಬಂಧ ನೋಡಿ ಯಾರೂ ಗೋಡೆ ಕಟ್ಟಲಿಲ್ಲ, ದೇವರು ದೊಡ್ಡವನು.

ಕಾಕಾ ಜಗಳ ಮಾಡುತ್ತಾರೆ ಎಂದುಕೊಂಡಿದ್ದೆ. ಮಾಡಲಿಲ್ಲ. ಆ ಶನಿವಾರ ಕಳೆದ ಸೋಮವಾರ ಬೆಳಿಗ್ಗೆ ದಪ್ಪ ರಟ್ಟಿನ ವಹಿಯೊಂದನ್ನು ಹಿಡಿದುಕೊಂಡು ನನ್ನ ಕೋಣೆಗೆ ಬಂದರು. ಹುಡುಗರ ಯಾವುದೋ ಮಾಮೂಲಿ ಪ್ರಯೋಗದ ಅಂಕಿಗಳು.

‘ನೋಡಿ ಸಹಿ ಮಾಡ್ರಿ ಅಕ್ಕೋರ.’

ಮಾಡಿದೆ. ಸಹಿಯ ಕೆಳಗೆ ಬೆರಳಿಟ್ಟರು. ‘ತಾರೀಖು ಹಾಕ್ರಿ.’

ಅಂದಿನಿಂದ ನಿವೃತ್ತಿಯವರೆಗೆ, ಹತ್ತು ವರ್ಷ, ಅವರು ತೆಗೆದ ಒಂದು ಅಳತೆಯೂ ನನ್ನ ಸಹಿಯಿಲ್ಲದೆ ಇರಲಿಲ್ಲ. ಉಸುಕು ಜರಡಿ ಹಿಡಿದದ್ದಕ್ಕೂ ಸಹಿ, ಒಲೆಯಲ್ಲಿ ಮಣ್ಣು ಒಣಗಿಸಿದ್ದಕ್ಕೂ ಸಹಿ. ಪ್ರಯೋಗಾಲಯ ಕೆಳಗೆ, ನನ್ನ ಕೋಣೆ ಎರಡನೆಯ ಮಹಡಿಯಲ್ಲಿ. ಮೊಣಕಾಲು ನೋವು ಶುರುವಾದ ಮೇಲೂ ಕಟಾಂಜನ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಿದ್ದರು. ನಾನೇ ಕೆಳಗೆ ಬರುತ್ತೇನೆ ಅಂದರೆ ಕೇಳುತ್ತಿರಲಿಲ್ಲ. ತಪಾಸಣೆಗೆ ಬಂದ ಸಮಿತಿಯವರು ಆ ವಹಿಗಳನ್ನು ನೋಡಿ, ಇಂಥ ಶಿಸ್ತು ಎಲ್ಲೂ ಕಂಡಿಲ್ಲ ಎಂದು ಎಲ್ಲರೆದುರು ನನ್ನನ್ನು ಹೊಗಳಿದರು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಕಾಕಾ ಚಹಾ ಕೊಡುತ್ತಿದ್ದರು.

ಒಮ್ಮೆ ಧೈರ್ಯ ಮಾಡಿ ಕೇಳಿದೆ. ‘ಕಾಕಾ, ಪ್ರತಿ ಸಲ ಯಾಕ ಹತ್ತಿ ಬರ್ತೀರಿ? ನಿಮ್ಮ ಮ್ಯಾಲ ನನಗ ಪೂರಾ ಭರೋಸಾ ಅದ.’

‘ಇರ್ಲಿರಿ ಅಕ್ಕೋರ. ನಾಳಿ ಮರತ್ರ ಹ್ಯಾಂಗ?’

ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನಾನೂ ಸಿಟ್ಟಾಗಿ, ಮಾತಿಗೆ ಮಾತು ಬೆಳೆದು, ಕೊನೆಗೆ ತಪ್ಪಾಯಿತು ಎಂದು ಅಂದುಬಿಡುತ್ತಿದ್ದೆನೇನೋ. ಅವರು ಆ ದಾರಿಯನ್ನೂ ನನಗೆ ಬಿಡಲಿಲ್ಲ. ಅಥವಾ ಇದೂ ನಾನು ಮಾಡಿಕೊಂಡ ನೆಪವೇ ಇರಬೇಕು. ತಪ್ಪಾಯಿತು ಅನ್ನುವುದಕ್ಕೆ ಎದುರಿನವರು ಸಿಟ್ಟಾಗಲೇಬೇಕೆಂಬ ಕಾನೂನು ಎಲ್ಲೂ ಇಲ್ಲ.

ಅವರ ನಿವೃತ್ತಿಯ ದಿನ ಶಾಲು ಹೊದಿಸಿದವಳು ನಾನೇ. ಕಾಕಾ ಅಂದರೆ ಪ್ರಾಮಾಣಿಕತೆ ಎಂದು ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿಕೊಂಡೆ. ಎರಡು ಮಾತು ಹೇಳಿ ಎಂದು ಎಲ್ಲರೂ ಒತ್ತಾಯಿಸಿದಾಗ ಅವರು ಎದ್ದು, ‘ನನ್ನ ಕೈಲಿಂದ ಏನರ ತಪ್ಪಾಗಿದ್ರ ಮಾಫ್ ಮಾಡ್ರಿ’ ಎಂದು ಕೈಮುಗಿದು ಕೂತರು. ಎಲ್ಲರೂ ಹೇಳುವ ಮಾತೇ ಅದು. ನನಗೆ ಮಾತ್ರ ‘ಕೈಲಿಂದ’ ಎಂಬುದೊಂದೇ ಕೇಳಿಸಿತು.

ಆಮೇಲೆ ಮೂರು ವರ್ಷ ಕಳೆಯಿತು. ಹೋದ ಚಳಿಗಾಲದಲ್ಲಿ ವಿದ್ಯಾರ್ಥಿನಿಯೊಬ್ಬಳ ಕೆಲಸಕ್ಕೆಂದು ನನ್ನ ಹಳೆಯ ಮಾದರಿಯನ್ನು ಹೊಸ ಕಂಪ್ಯೂಟರಿನಲ್ಲಿ ಮತ್ತೆ ತೆರೆದೆ. ಮುಚ್ಚಿದ್ದ ಬಾಗಿಲು ಕಣ್ಣಿಗೆ ಬಿತ್ತು. ಮಣ್ಣಿಗೆ ಬಿಟ್ಟುಹೋಗುವ ಅನುಮತಿ ಕೊಟ್ಟೆ. ಈ ಸಲ ಲೆಕ್ಕ ನಡುವೆ ನಿಲ್ಲದೆ ಒಂದು ಉತ್ತರಕ್ಕೆ ಬಂತು. ಚಳಿಗಾಲದುದ್ದಕ್ಕೂ ಏರಿದ ಗೆರೆ ಏಪ್ರಿಲ್ ದಾಟಿದ ಮೇಲೆ ತಟ್ಟನೆ ಕೆಳಗಿಳಿಯಿತು. ಕೆಳಗಿನ ಕಪಾಟಿನಿಂದ ಹಳೆಯ ವಹಿ ತೆಗೆದು, ಕಾಕಾನ ದುಂಡು ಅಕ್ಷರದಲ್ಲಿದ್ದ ಆ ಮೂರು ಅಂಕಿಗಳನ್ನು ಗುರುತು ಮಾಡಿದೆ. ಮೂರೂ ಗೆರೆಯ ಮೇಲೆ ಕೂತವು.

ನಕ್ಷೆಯನ್ನು ಅಚ್ಚು ಹಾಕಿಸಿ ಚೀಲದಲ್ಲಿಟ್ಟುಕೊಂಡೆ, ಚಿಂತಾಕಿಗೆ ಹೋಗಿ ಅವರ ಕೈಗೇ ಕೊಡಬೇಕೆಂದು. ಆ ವಾರ ಮೌಲ್ಯಮಾಪನ ಬಂತು. ಮುಂದಿನ ತಿಂಗಳು ಭಾಲ್ಕಿಯಲ್ಲಿ ಮದುವೆ. ಔರಾದಿಗೆ ರೈಲಿಲ್ಲ, ಬಸ್ಸೇ ಗತಿ, ಅಲ್ಲಿಂದ ಇನ್ನೊಂದು ಬಸ್ಸು ಎಂಬುದೂ ಒಂದು ಕಾರಣವಾಯಿತು. ಫೋನ್ ಮಾಡಬಹುದಿತ್ತು. ಫೋನಿನಲ್ಲಿ ಹೇಳುವ ಮಾತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನನಗೆ ಮುಖವಿರಲಿಲ್ಲ, ಅದೇ ನಿಜ. ನಕ್ಷೆ ಚೀಲದಲ್ಲೇ ನಾಲ್ಕು ತಿಂಗಳು ನನ್ನ ಜೊತೆ ಕಾಲೇಜಿಗೆ ಹೋಗಿ ಬಂತು. ಆಮೇಲೆ ಒಂದು ಬೆಳಿಗ್ಗೆ ಕಾಲೇಜಿನ ಆಫೀಸಿನಿಂದ ಫೋನ್ ಬಂತು, ಕಾಕಾ ಹೋದರು ಎಂದು. ಎದೆನೋವಂತೆ.

ಹೋದ ಭಾನುವಾರ ಚಿಂತಾಕಿಗೆ ಹೋದೆ. ನಾಲ್ಕು ತಿಂಗಳು ಸಿಗದ ಬಸ್ಸು ಅಂದು ಸಲೀಸಾಗಿ ಸಿಕ್ಕಿತು. ಮನೆಯ ಮುಂದೆ ಅವರ ತಮ್ಮ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದರು. ಕಾಕಾನ ಹೆಂಡತಿಯನ್ನು ನಾನು ನೋಡಿದ್ದು ಅದೇ ಮೊದಲು. ಹೆಸರು ಹೇಳುವ ಮೊದಲೇ ಅವರು ನನ್ನ ಕೈ ಹಿಡಿದುಕೊಂಡರು.

‘ನೀವೇ ಏನ್ರಿ ಸಹಿ ಮಾಡೋ ಅಕ್ಕೋರು?’

ಹೂಂ ಎಂದು ತಲೆಯಾಡಿಸಿದೆ.

‘ಭಾಳ ಹೇಳ್ತಿದ್ರು ನಿಮ್ಮದು. ನಮ್ಮ ಅಕ್ಕೋರು ಡಾಕ್ಟರ್ ಆಗ್ಯಾರ, ಆದ್ರೂ ನಾ ಬರದಿದ್ದು ಒಂದೊಂದೂ ನೋಡಿ ಸಹಿ ಮಾಡ್ತಾರ, ನನ್ನ ವಹಿ ಬ್ಯಾರೆಯವರ ಕೈಲಿ ಕೊಡಂಗಿಲ್ಲ ಅಂತ. ಊರಾಗೆಲ್ಲ ಹೇಳ್ಕೋತ ತಿರಗತಿದ್ರು.’

ಹತ್ತು ವರ್ಷದ ಅವಮಾನವನ್ನು ಆ ಮನುಷ್ಯ ಊರಿಗೆ ಬಂದು ಮರ್ಯಾದೆ ಎಂದು ಹೇಳಿದ್ದರು. ನನ್ನ ಮಾನ ಕಾಯಲೆಂದೋ, ತಮ್ಮದನ್ನು ಕಾಯಲೆಂದೋ, ನನಗೆ ತಿಳಿಯದು. ಕೊಟ್ಟ ಚಹಾ ಪಕ್ಕಕ್ಕಿಟ್ಟೆ. ಚೀಲದಿಂದ ನಕ್ಷೆ ತೆಗೆದು ಅವರ ಮುಂದೆ ಹಾಸಿದೆ.

‘ಇದು ಏನ್ರಿ?’

‘ನನ್ನ ಲೆಕ್ಕ, ಕಾಕಿ. ಈ ಗೆರಿ ಕಂಪ್ಯೂಟರಿಂದು. ಈ ಮೂರು ಚುಕ್ಕಿ ಕಾಕಾಂದು. ಅವರೇ ಖರೇ ಇದ್ರು.’

ಅವರಿಗೆ ಓದು ಬರದು. ಮೂರೂ ಚುಕ್ಕೆಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ನೋಡಿದರು. ಹಾಳೆಯನ್ನು ತಿರುಗಿಸಿ ಹಿಂದೆಯೂ ನೋಡಿದರು.

‘ನಿಮ್ಮ ಸಹಿ ಎಲ್ಲಿ ಅದರಿ?’

ಆಗ ಹೇಳಿದೆ. ಮೇ ತಿಂಗಳ ಬಿಸಿಲಿನಿಂದ ಶುರುಮಾಡಿ, ಬಾಗಿಲ ಪಕ್ಕ ನಿಂತ ಕಾಕಾನವರೆಗೆ, ಆಮೇಲಿನ ವಹಿಯವರೆಗೆ, ಒಂದನ್ನೂ ಬಿಡದೆ ಹೇಳಿದೆ. ಅಳಬಾರದು, ಅತ್ತು ಅವರಿಂದ ಸಮಾಧಾನ ಗಿಟ್ಟಿಸಬಾರದು ಎಂದುಕೊಂಡಿದ್ದೆ. ಅಷ್ಟು ಮಾತ್ರ ನಡೆಸಿದೆ. ಹಾಳೆ ಇಟ್ಟು ಮತ್ತೆ ಹಿಡಿದುಕೊಂಡಿದ್ದ ನನ್ನ ಕೈಯನ್ನು ಅವರು ಬಿಟ್ಟರು. ಕುರಿಮರಿಗಳ ಕಡೆ ತಿರುಗಿದರು.

‘ಆ ವರ್ಷ ಶ್ರಾವಣದಾಗ ಒಂದ್ ಶನಿವಾರ ಬಂದವರು ಊಟಾ ಮಾಡ್ಲಿಲ್ರಿ. ಏನಾತು ಅಂದ್ರ, ಕೈ ನೋಯ್ತದ ಅಂದ್ರು. ನಾ ಎಣ್ಣಿ ಹಚ್ಚಿ ತಿಕ್ಕಿದೆ.’

ಕ್ಷಮಿಸಿದೆ ಎನ್ನಲಿಲ್ಲ, ಎದ್ದು ಹೋಗು ಎಂದೂ ಅನ್ನಲಿಲ್ಲ. ಹಾಳೆಯನ್ನು ನನ್ನ ಕಡೆ ಸರಿಸಿದರು.

‘ಮಾಡ್ರಿ.’

ಪೆನ್ನು ತೆಗೆದು ಮೂರೂ ಚುಕ್ಕೆಗಳ ಪಕ್ಕದಲ್ಲಿ ಸಹಿ ಮಾಡಿದೆ. ಸಹಿಯ ಕೆಳಗೆ ಬೆರಳಿಟ್ಟು ತಾರೀಖು ಹಾಕ್ರಿ ಎನ್ನುವವರು ಯಾರೂ ಇರಲಿಲ್ಲ. ನಾನೇ ಹಾಕಿದೆ. ಆ ಮೇ ತಿಂಗಳದ್ದಲ್ಲ, ಹೋದ ಭಾನುವಾರದ್ದು.